ರಾಯರ ಪಾತಿಯ ಗರಿಕೆ

ನಿವೃತ್ತ ಅಮಲ್ದಾರ ವಾಮನರಾಯರಿಗೆ ಗಿಡ ನೆಡಿಸುವುದು ಗೊತ್ತಿತ್ತು, ನೋಡಿಕೊಳ್ಳುವುದು ಗೊತ್ತಿರಲಿಲ್ಲ. ಶ್ರಾವಣದ ಮಳೆಗೆ ಮನೆ ಸುತ್ತಲಿನ ಪಾತಿಗಳಲ್ಲಿ ಹೂವೊಂದು ಬಿಟ್ಟು ಮಿಕ್ಕಿದ್ದೆಲ್ಲ ಬೆಳೆದಿತ್ತು. ಅದು ಅವರ ಕಣ್ಣಿಗೆ ಬಿದ್ದದ್ದು ಗೌರಿ ಹಬ್ಬದ ಬೆಳಿಗ್ಗೆ, ಮಾಲಿ ಕೆಂಚಯ್ಯ ಮಗಳ ಮನೆಗೆ ಬಾಗಿನ ಒಯ್ಯಲು ರಜೆ ಕೇಳಿದಾಗ.

“ನಾಳೆ ನಮ್ಮ ಗಣಪತಿ ನೋಡಲು ದೊಡ್ಡವರು ಬರುತ್ತಾರೆ. ಕಳೆಯ ಒಂದೆಸಳು ಕಂಡರೂ ನಿನಗೆ ರಜೆ ಇಲ್ಲ. ಗರಿಕೆಯೂ ಕಳೆಯೇ, ತಿಳಿಯಿತೇನು?”

“ತಮ್ಮಂಥವರು ಹೇಳಿದ ಮೇಲೆ ಕಳೆಯೇ ಬುದ್ಧಿ,” ಎಂದ ಕೆಂಚಯ್ಯ.

ಒಬ್ಬನ ಕೈಯಲ್ಲಿ ಸಂಜೆಯೊಳಗೆ ಮುಗಿಯುವ ಕೆಲಸವಲ್ಲ. ಕೆಂಚಯ್ಯ ಗುದ್ದಲಿ ಮುಟ್ಟಲೇ ಇಲ್ಲ. ನೆಟ್ಟಗೆ ಬೀದಿ ನಲ್ಲಿಯ ಹತ್ತಿರ ಹೋಗಿ ನೀರು ಹಿಡಿಯುತ್ತಿದ್ದ ಹೆಂಗಸರಿಗೆ ಹೇಳಿದ: “ತಾಯಂದಿರಾ, ನಾಳೆಯ ಪೂಜೆಗೆ ಪತ್ರೆ ಹುಡುಕಿಕೊಂಡು ಅಲೆಯಬೇಡಿ. ರಾಯರ ಪಾತಿಯಲ್ಲಿ ಗರಿಕೆ, ತುಂಬೆ, ಉತ್ತರಾಣಿ ಎಲ್ಲಾ ಇದೆ. ಬೇರು ಸಮೇತ ಕಿತ್ತರೆ ಬಾಡೋದಿಲ್ಲ.”

ಊಟದ ಹೊತ್ತಿಗೆ ಬುಟ್ಟಿಗಳು ತುಂಬಿದವು, ಪಾತಿಗಳು ಬೋಳಾದವು. ರಾಯರು ಹೊರಗೆ ಬಂದು ನೋಡಿ, ತಮ್ಮ ಆಜ್ಞೆಯ ಶಕ್ತಿಗೆ ತಾವೇ ತಲೆದೂಗಿದರು.

ಅಷ್ಟರಲ್ಲಿ ಅವರ ಹೆಂಡತಿ ಬಾಗಿಲಿಗೆ ಬಂದರು. “ರೀ, ನಮ್ಮ ಗಣಪತಿಗೆ ಗರಿಕೆ ಎಲ್ಲಿ?”

ರಾಯರು ಪಾತಿ ನೋಡಿದರು, ಆಮೇಲೆ ಮಾಲಿಯನ್ನು ನೋಡಿದರು. ಕೆಂಚಯ್ಯ ಟವೆಲ್ಲಿನ ಗಂಟು ಬಿಚ್ಚಿ ಒಂದು ಹಿಡಿ ಗರಿಕೆ ತೆಗೆದ.

“ಇದೊಂದು ಉಳಿದುಬಿಟ್ಟಿದೆ ಬುದ್ಧಿ. ಕಳೆ ಅಂದರೆ ತಿಪ್ಪೆಗೆ ಎಸೆದು ಬರ್ತೀನಿ, ನನಗೆ ರಜೆಯೂ ಬೇಡ. ದೇವರದು ಅಂದರೆ ಕೊಟ್ಟು ಹೊರಡ್ತೀನಿ.”

ರಾಯರು ಚಪ್ಪಲಿ ಕಳಚಿ ಎರಡೂ ಕೈ ಒಡ್ಡಿದರು.

“ಹೊತ್ತಾಯಿತು, ಹೊರಡಪ್ಪ,” ಎಂದರು.