ಕೂರಲೊಲ್ಲದ ದಳವಾಯಿಯೂ ಕುದುರೆಯ ಬೆನ್ನೂ

"ಈ ಮುದ್ದುವೀರನನ್ನು ಕೆಡವುವ ಕುದುರೆ ಇನ್ನೂ ಹುಟ್ಟಿಲ್ಲ, ಪ್ರಭು!"

ದಳವಾಯಿ ಮುದ್ದುವೀರಪ್ಪ ಮೀಸೆ ತಿರುವಿ ಹೀಗೆಂದಾಗ ಹೊಸಗುಡ್ಡದ ದೊರೆಗೆ ಖುಷಿಯೋ ಖುಷಿ. ಮರುದಿನವೇ ನೆರೆಯ ಪಾಳೆಯಗಾರನ ಕುದುರೆಯೊಡನೆ ಪಂದ್ಯ. ಅರಮನೆಯ ಕಪ್ಪು ಕುದುರೆ ಮಿಂಚುಳ್ಳಿಯನ್ನು ಓಡಿಸುವವನು ಈ ದಳವಾಯಿಯೇ.

ಅಷ್ಟರಲ್ಲಿ ಲಾಯದ ಇಮಾಮಸಾಬಿ ಕೈಮುಗಿದು ಮುಂದೆ ಬಂದ.

"ಓಡಿಸಬ್ಯಾಡಿ ಬುದ್ಧೀ. ಅದರ ಬೆನ್ನಿಗೆ ಒಳಪೆಟ್ಟಾಗೈತೆ. ದಳವಾಯಿಗಳ ಹೊಸ ಬೆಳ್ಳಿಮೊಳೆ ಜೀನು ಒತ್ತೈತೆ. ಕೈ ಇಟ್ರೆ ಸುಡ್ತದೆ. ನಾಳೆ ಓಡಿದ್ರೆ ಮತ್ತೆಂದೂ ಜೀನು ಹೊರಾಕಿಲ್ಲ."

"ಒಂದು ಹನಿ ರಕ್ತ ಇಲ್ಲ, ಒಂದು ಕೂದಲು ಉದುರಿಲ್ಲ!" ದಳವಾಯಿ ಗದರಿದ. "ಇದು ಪೆಟ್ಟಲ್ಲ, ಸೋಮಾರಿಯ ನೆಪ. ಇವನನ್ನು ಊರಿಂದಾಚೆ ಅಟ್ಟಿ ಪ್ರಭು."

ರಕ್ತ ಕಂಡರೆ ಮಾತ್ರ ಕುದುರೆಗೆ ರಜೆ. ದೊರೆಯ ತಾತನ ಕಾಲದಿಂದ ಆ ಲಾಯದ ಕಟ್ಟಳೆ ಅದು. ದೊರೆ ತಲೆ ಕೆರೆದುಕೊಂಡು ಆಸ್ಥಾನದ ಜಾಣ ಬೊಮ್ಮರಸಯ್ಯನ ಕಡೆ ತಿರುಗಿದ.

"ಕೂದಲು ಬೋಳಿಸಬಾರದು, ಚರ್ಮ ಕೊಯ್ಯಬಾರದು. ಆ ನೋವನ್ನು ನನ್ನ ಕಣ್ಣಿಗೆ ತೋರಿಸು. ಆಗದಿದ್ದರೆ ಕುದುರೆ ಓಡುತ್ತದೆ, ಇಮಾಮ ಊರು ಬಿಡುತ್ತಾನೆ."

ಬೊಮ್ಮರಸಯ್ಯ ಇಮಾಮನ ಮುಖ ನೋಡಿದ. ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಕುದುರೆಗೆ ತಿನ್ನಿಸುವ ಮನುಷ್ಯ ಅವನು. ಆಮೇಲೆ ದಳವಾಯಿಯನ್ನು ನೋಡಿದ. ಸಭೆ ಸೇರುವ ಮೊದಲೇ ಮೆತ್ತೆ ಹಿಡಿದು ಕೂರುವ ಈ ಆಸಾಮಿ ಇವತ್ತು ಬೆಳಗಿನಿಂದ ಕಂಬಕ್ಕೆ ಒರಗಿ ನಿಂತೇ ಇದ್ದಾನಲ್ಲ!

"ಆಗಲಿ ಪ್ರಭು. ಒಂದು ಗಡಿಗೆ ಬಿಳಿ ಜೇಡಿಮಣ್ಣು ಕಲಸಿ ತರಿಸಿ."

ಬೇವಿನ ಮರದ ನೆರಳಲ್ಲಿ ಮಿಂಚುಳ್ಳಿಯನ್ನು ನಿಲ್ಲಿಸಿದರು. ಇಮಾಮ ಅದರ ಬೆನ್ನಿಗೆಲ್ಲ ಒದ್ದೆ ಜೇಡಿ ತೆಳ್ಳಗೆ ಸವರಿದ.

"ಗೋಡೆ ಸಾರಿಸುತ್ತಿದ್ದೀಯೇನೋ?" ದಳವಾಯಿ ನಕ್ಕ.

ನಗು ಬಹಳ ಹೊತ್ತು ಉಳಿಯಲಿಲ್ಲ. ಬೆನ್ನೆಲ್ಲ ಇನ್ನೂ ಒದ್ದೆಯಾಗಿ ಬೂದುಬಣ್ಣಕ್ಕಿರುವಾಗಲೇ ಎರಡು ಕಡೆ, ಸರಿಯಾಗಿ ಜೀನು ಕೂರುವಲ್ಲಿ, ಅಂಗೈಯಗಲ ಜೇಡಿ ಒಣಗಿ ಬೆಳ್ಳಗಾಯಿತು.

"ಕಾವು ಇರುವಲ್ಲಿ ಮಣ್ಣು ಮೊದಲು ಒಣಗುತ್ತದೆ ಪ್ರಭು," ಎಂದ ಬೊಮ್ಮರಸಯ್ಯ. "ರಕ್ತ ಒಳಗೇ ಕಟ್ಟಿಕೊಂಡಿದೆ. ಕೂದಲು ಅದನ್ನು ಮುಚ್ಚಿತ್ತು, ಅಷ್ಟೇ."

"ಕಾವಿದ್ದರೇನಂತೆ?" ದಳವಾಯಿ ಬಿಡಲಿಲ್ಲ. "ಅಂಥ ಪೆಟ್ಟು ಹತ್ತು ಬಿದ್ದರೂ ನಾನು ಲೆಕ್ಕಕ್ಕಿಡುವವನಲ್ಲ!"

"ಭೇಷ್!" ಎಂದ ಬೊಮ್ಮರಸಯ್ಯ. "ನಿಂತು ನಿಂತು ದಣಿದಿದ್ದೀರಿ. ಈ ಕಲ್ಲಿನ ಮೇಲೆ ಕೂತು ಮಾತಾಡಿ."

"ಛೆ ಛೆ, ಪ್ರಭುಗಳ ಎದುರು ಕೂರುವುದೆಂದರೇನು!"

"ನಾನೇ ಹೇಳುತ್ತಿದ್ದೇನಲ್ಲ, ಕೂರಯ್ಯ," ಎಂದ ದೊರೆ.

ದಳವಾಯಿ ಹಲ್ಲು ಕಚ್ಚಿ ಮೆಲ್ಲಗೆ ಕೆಳಗಿಳಿದ. ಕಲ್ಲು ತಾಗಿತೋ ಇಲ್ಲವೋ, "ಅಯ್ಯಯ್ಯಪ್ಪೋ!" ಎಂದು ಮೊಳದೆತ್ತರ ಹಾರಿದ.

"ಏನಾಯಿತು?" ದೊರೆ ಗಾಬರಿಯಾದ.

"ಏನೂ ಆಗಿಲ್ಲ ಪ್ರಭು," ಎಂದ ಬೊಮ್ಮರಸಯ್ಯ. "ರಕ್ತ ಇಲ್ಲ. ಪಂಚೆಯೂ ಹರಿದಿಲ್ಲ."

ಇಮಾಮ ತಲೆ ತಗ್ಗಿಸಿದ. "ನೆನ್ನೆ ಜೀನು ಒತ್ತಿದ ನೋವಿಗೆ ಮಿಂಚುಳ್ಳಿ ಎಗರಿಬಿಡ್ತು ಬುದ್ಧೀ. ದಳವಾಯಿಗಳು ಬಂಡೆ ಮೇಲೆ ಬಿದ್ರು. ಬಾಯಿ ಬಿಟ್ರೆ ನಾಲಿಗೆ ಸೀಳ್ತೀನಿ ಅಂದಿದ್ರು."

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಪಂದ್ಯ ಮುಂದಕ್ಕೆ ಹೋಯಿತು, ತಾತನ ಕಟ್ಟಳೆ ರದ್ದಾಯಿತು. ಇಮಾಮನ ಹೆಗಲಿಗೆ ದೊರೆಯ ಶಾಲೇ ಬಂತು.

"ಕುದುರೆಗೆ ಏನು ಮಾಡಬೇಕಯ್ಯ?"

"ತಣ್ಣೀರು ಬಟ್ಟೆ ಹಾಕ್ಬೇಕು ಬುದ್ಧೀ. ಬಾವು ಇಳಿದು ಕಾವು ಆರೋಗಂಟ ಜೀನು ಮುಟ್ಟಿಸಬಾರ್ದು."

"ಸರಿ. ದಳವಾಯಿಗೂ ಅದೇ ಆರೈಕೆ ಆಗಲಿ. ಆದರೆ ಇವನಿಗೆ ಪೆಟ್ಟು ಎಲ್ಲಿಂದ ಎಲ್ಲಿಯವರೆಗೆ ಬಿದ್ದಿದೆ ಅಂತ ತಿಳಿಯುವುದು ಹೇಗೆ ಬೊಮ್ಮರಸಯ್ಯ?"

ಬೊಮ್ಮರಸಯ್ಯ ವಿನಯದಿಂದ ಬಗ್ಗಿ ಗಡಿಗೆ ಎತ್ತಿಕೊಂಡ.

"ಇನ್ನೂ ಅರ್ಧ ಜೇಡಿ ಉಳಿದಿದೆ, ಪ್ರಭು."