ಬೆಲ್ಲದ ವ್ಯಾಪಾರಿಯ ಜಗಲಿ

"ಗುರುಗಳೇ, ಎಲ್ಲರಿಗೂ ಮಾತಾಡಲು ಜಾಗ ಮಾಡಿಕೊಟ್ಟ ಮೇಲೆ ನನ್ನ ಕೆಲಸ ಮುಗಿಯಿತಲ್ಲವೇ?" ಎಂದು ಶರಭಯ್ಯ ಕೇಳಿದ.

ಅವನು ಅಂತರ್ಜಾಲದಲ್ಲಿ 'ಬಿಚ್ಚುಮಾತು' ಎಂಬ ಚರ್ಚೆಯ ತಾಣ ನಡೆಸುತ್ತಿದ್ದ. ದೊಡ್ಡ ತಾಣಗಳು ಹೊರಗೆ ಹಾಕಿದವರೆಲ್ಲ ಅಲ್ಲಿಗೆ ಬರುತ್ತಿದ್ದರು. ಅಲ್ಲಿ ಯಾರ ಮಾತನ್ನೂ ಅಳಿಸುವುದಿಲ್ಲ, ಯಾರನ್ನೂ ತಡೆಯುವುದಿಲ್ಲ ಎಂಬುದು ಅವನ ಹೆಮ್ಮೆ.

"ಮುಗಿದೇ ಹೋಯಿತೇ? ಭಲೇ!" ಎಂದು ಗುರುಗಳು ನಕ್ಕರು. "ಕೂತುಕೋ, ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಹೊಳೆಯ ದಂಡೆಯ ಊರೊಂದರಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನಿಗೆ ಒಬ್ಬಳೇ ಮಗಳು. ಮಗಳೆಂದರೆ ಪ್ರಾಣ. ಅವಳನ್ನು ಹೊಳೆಯಾಚೆಯ ಊರಿಗೆ ಕೊಟ್ಟಿದ್ದ. ಹೋಗಿಬರಲು ಇದ್ದದ್ದು ಒಂದೇ ಹರಿಗೋಲು. ಬಿದಿರು ಹೆಣೆದು ಮೇಲೆ ತೊಗಲು ಹೊದಿಸಿದ ಬುಟ್ಟಿಯಂಥ ದೋಣಿ. ಅದು ಊರ ಗೌಡನದು.

ಆ ಊರಿನಲ್ಲಿ ಏನೇ ಮಾತಿದ್ದರೂ ಚಾವಡಿಯಲ್ಲೇ ಆಗಬೇಕು. ಗೌಡ ಹೂಂ ಅಂದರೆ ಮಾತು, ಊಹೂಂ ಅಂದರೆ ಬಾಯಿಗೆ ಬೀಗ. ಒಂದು ದಿನ ವ್ಯಾಪಾರಿ ಹೊಳೆದಾರಿಯ ರಿಪೇರಿಯ ಬಗ್ಗೆ ಎರಡು ಮಾತು ಹೇಳಲು ಎದ್ದ. "ಸಾಕು, ಕೂತುಕೋ" ಎಂದ ಗೌಡ. ಹತ್ತು ಜನರ ಮುಂದೆ ವ್ಯಾಪಾರಿಯ ಮುಖ ಇಂಗು ತಿಂದ ಮಂಗನಂತಾಯಿತು. ಹೊಟ್ಟೆ ಉರಿಯಿತು. ಉರಿಯಬೇಕಾದದ್ದೇ ಬಿಡು, ಅದರಲ್ಲಿ ಅವನ ತಪ್ಪೇನೂ ಇಲ್ಲ.

ತಿಂಗಳೊಳಗೆ ಅವನು ಅಂಗಡಿಯ ಮುಂದೆ ಉದ್ದನೆಯ ಜಗಲಿ ಕಟ್ಟಿಸಿದ, ಮೇಲೆ ಚಪ್ಪರ ಹಾಕಿಸಿದ. "ಇಲ್ಲಿ ಯಾರು ಏನು ಬೇಕಾದರೂ ಮಾತಾಡಬಹುದು. ಸಾಕು ಅನ್ನುವವನು ಮಾತ್ರ ಎದ್ದು ಹೋಗಬೇಕು" ಎಂದು ಊರಿಗೆಲ್ಲ ಸಾರಿದ.

ಜನ ಮುಗಿಬಿದ್ದರು. ಬದುವಿನ ಜಗಳದವನು ಬಂದ, ಅಳಿಯನನ್ನು ಬೈಯುವವನು ಬಂದ, ಗೌಡನ ಏಳು ತಲೆಮಾರನ್ನು ಜಾಲಾಡುವವನು ಬಂದ. ಏನೂ ಹೇಳಲಿಕ್ಕಿಲ್ಲದವರು ಎಲ್ಲರಿಗಿಂತ ಮೊದಲೇ ಬಂದು ಕೂತರು. ಎಲ್ಲರೂ ಒಟ್ಟಿಗೇ ಮಾತಾಡಿದರು. ಗದ್ದಲ ಹೆಚ್ಚಿದಷ್ಟೂ ವ್ಯಾಪಾರಿಗೆ ಹಿಗ್ಗು. ಬಂದವರನ್ನು ಬನ್ನಿ ಎನ್ನುವುದು, ಬೆಲ್ಲದ ನೀರು ಕೊಡುವುದು, ಜಾಗ ಸರಿಸಿ ಕೂರಿಸುವುದು. ಅವನಿಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ.

ಹರಿಗೋಲಿಗೆ ತೊಗಲು ಹೊಲಿಯುವ ಒಬ್ಬ ಹೆಂಗಸು ಆ ಊರಲ್ಲಿದ್ದಳು. ಒಳಗಿನ ಬಿದಿರು ಕೊಳೆತು ಹಿಟ್ಟಾಗಿದ್ದರೂ ಗೌಡ ಅದರ ಮೇಲೇ ಹೊಸ ತೊಗಲು ಹೊಲಿಸಿದ್ದ. ಅವಳು ಚಾವಡಿಗೆ ಹೋಗಿ, "ಅದರಲ್ಲಿ ಜನ ಕೂರಿಸಬೇಡಿ ಗೌಡರೇ, ಮುಳುಗುತ್ತದೆ" ಎಂದಳು. ಗೌಡ ಅವಳನ್ನು ಗದರಿಸಿ ಹೊರಗೆ ಹಾಕಿಸಿದ. ಇನ್ನೊಮ್ಮೆ ಆ ಮಾತೆತ್ತಿದರೆ ಊರಲ್ಲೇ ಇರಗೊಡುವುದಿಲ್ಲ ಎಂದ.

ಅವಳು ನೇರ ಜಗಲಿಗೆ ಬಂದಳು. ವ್ಯಾಪಾರಿ ಅವಳ ಕೈಗೆ ಬೆಲ್ಲದ ನೀರು ಕೊಟ್ಟು, "ಹೆದರಬೇಡ ತಾಯಿ, ಇಲ್ಲಿ ನಿನ್ನನ್ನು ತಡೆಯುವವರು ಯಾರೂ ಇಲ್ಲ" ಎಂದ. ಅಷ್ಟರಲ್ಲಿ ಮತ್ತೆ ನಾಲ್ವರು ಬಂದರು. ಅವರನ್ನು ಎದುರುಗೊಳ್ಳಲು ಹೋದ.

ಅವಳು ಹೇಳಿದಳು. ಕೂಗಿ ಹೇಳಿದಳು. "ಗೌಡನ ಮೇಲೆ ಇವಳಿಗೆ ಹೊಟ್ಟೆಕಿಚ್ಚು" ಎಂದ ಒಬ್ಬ. ಇನ್ನೊಬ್ಬ ಹರಿಗೋಲು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ತನ್ನ ಅಜ್ಜ ಹೊಳೆ ಈಜಿದ ಕತೆ ತೆಗೆದ. ಉಳಿದವರು ತಮ್ಮ ತಮ್ಮ ಮಾತಿನಲ್ಲಿದ್ದರು. ಅವಳು ಮರುದಿನವೂ ಬಂದಳು, ಅದರ ಮರುದಿನವೂ ಬಂದಳು. ಯಾರೂ ಅವಳನ್ನು ಸಾಕು ಅನ್ನಲಿಲ್ಲ.

ಆಗ ವ್ಯಾಪಾರಿಯ ಮಗಳು ಹಬ್ಬಕ್ಕೆಂದು ತವರಿಗೆ ಬಂದಿದ್ದಳು. ಸೋಮವಾರ ಬೆಳಿಗ್ಗೆ ತಾಯಿ ಅವಳಿಗೆ ಮಡಿಲು ತುಂಬಿ ಕಳಿಸಿದಳು. ಪಕ್ಕದ ಊರಿನವರೂ ಮಾತಾಡಲು ಬಂದಿದ್ದರಿಂದ ವ್ಯಾಪಾರಿಗೆ ದಂಡೆಯ ತನಕ ಹೋಗಲಾಗಲಿಲ್ಲ. "ಹೋಗಿ ಬಾ ಮಗಳೇ" ಎಂದು ಜಗಲಿಯಿಂದಲೇ ಕೈ ಬೀಸಿದ.

ನಡುಹೊಳೆಯಲ್ಲಿ ಹರಿಗೋಲಿನ ತಳ ಕಳಚಿತು. ಏಳು ಜನ ಮುಳುಗಿದರು.

ವ್ಯಾಪಾರಿ ಓಡಿಬರುವಷ್ಟರಲ್ಲಿ ಮಗಳನ್ನು ದಡಕ್ಕೆ ಎಳೆದು ಮಲಗಿಸಿದ್ದರು. ಮಡಿಲಕ್ಕಿ ಇನ್ನೂ ಸೆರಗಿನ ಗಂಟಿನಲ್ಲೇ ಇತ್ತು. ಅಯ್ಯೋ, ಅವನಿಗೆ ಅಳುವೂ ಬರಲಿಲ್ಲ. ಅವಳ ಕೆನ್ನೆ ತಟ್ಟುತ್ತಲೇ ಇದ್ದ. ಬಿದಿರು ಕೊಳೆತಿತ್ತಂತೆ, ತೊಗಲು ಹೊಲಿದವಳಿಗೆ ಗೊತ್ತಿತ್ತಂತೆ ಎಂದು ಯಾರೋ ಅಂದರು. ಆ ಹೆಂಗಸು ಅಲ್ಲೇ ಎದೆ ಬಡಿದುಕೊಳ್ಳುತ್ತ ಕೂತಿದ್ದಳು. ವ್ಯಾಪಾರಿ ಹೋಗಿ ಅವಳ ಎರಡೂ ತೋಳು ಹಿಡಿದು ಅಲುಗಾಡಿಸಿದ.

"ಗೊತ್ತಿದ್ದೂ ಸುಮ್ಮನಿದ್ದೆಯಾ? ನಿನಗೆ ಬಾಯಿ ಇರಲಿಲ್ಲವೇ?"

"ನಿಮ್ಮ ಜಗಲಿಯಲ್ಲೇ ಹೇಳಿದೆನಲ್ಲ ಯಜಮಾನರೇ" ಎಂದಳು ಅವಳು. "ಮೂರು ದಿನ ಹೇಳಿದೆ. ನೀವು ಅಲ್ಲೇ ಇದ್ದಿರಿ."

ವ್ಯಾಪಾರಿಯ ಕೈ ಸಡಿಲವಾಯಿತು. ಅವಳು ಬಂದದ್ದು ಅವನಿಗೆ ನೆನಪಿತ್ತು. ತಾನು ಬೆಲ್ಲದ ನೀರು ಕೊಟ್ಟದ್ದು, ಅವಳು ಅದನ್ನು ಕುಡಿಯದೆ ಕೈಯಲ್ಲೇ ಹಿಡಿದು ನಿಂತದ್ದು, ಅವಳ ತುಟಿ ಅಲ್ಲಾಡಿದ್ದು, ಎಲ್ಲವೂ ನೆನಪಿತ್ತು. ಅವಳು ಏನು ಹೇಳಿದಳು ಎಂಬುದು ಮಾತ್ರ ಒಂದಕ್ಷರವೂ ನೆನಪಿರಲಿಲ್ಲ. ದೇವರೇ, ನಾನು ಕೇಳಲೇ ಇಲ್ಲವಲ್ಲ, ಕೇಳಲೇ ಇಲ್ಲವಲ್ಲ ಎಂದು ಅವನು ಅಲ್ಲೇ ಮರಳಿನ ಮೇಲೆ ಕುಸಿದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಶರಭಯ್ಯನ ಮುಖ ಬಿಳಿಚಿಕೊಂಡಿತ್ತು. ಆದರೂ ಅವನಿಗೆ ತಡೆಯಲಾಗಲಿಲ್ಲ. "ಇದೇನು ಗುರುಗಳೇ? ಆ ಚಾವಡಿಯೇ ಲೇಸು ಎನ್ನುತ್ತೀರಾ? ಅವಳ ಬಾಯಿ ಮುಚ್ಚಿಸಿದ ಆ ಪಾಪಿ ಗೌಡನಿಗಿಂತ ವ್ಯಾಪಾರಿ ಕೀಳೇ?"

"ಗೌಡ ಪಾಪಿಯೇ ಸರಿ, ಆದರೆ ಅವಳ ಮಾತನ್ನು ಕಿವಿಗೊಟ್ಟು ಕೇಳಿದವನು ಊರಲ್ಲಿ ಅವನೊಬ್ಬನೇ, ಅದಕ್ಕೇ ಆ ಸೋಮವಾರ ಅವನ ಮನೆಯವರೊಬ್ಬರೂ ಹರಿಗೋಲು ಹತ್ತಲಿಲ್ಲ."