ಯಮನಪ್ಪ ಕೆಟ್ಟ ವಾಲ್ವ್ ಹುಡುಕಿದ್ದು

ಹೂಂ ಅನ್ನುವವರಿದ್ದರೆ ಹೇಳುತ್ತೇನೆ. ಬಾಳವ್ವನಿಗೆ ಗಂಡ ಬಿಟ್ಟುಹೋದದ್ದು ಎರಡೇ: ಬಾಡಿಗೆಗೆ ಹೋಗುವ ಒಂದು ಹಳೇ ಮೈಕ್‌ಸೆಟ್, ಒಬ್ಬ ಮಗ ಯಮನಪ್ಪ. ಸೆಟ್ಟು ಹೇಳಿದ್ದನ್ನು ಕೇಳುತ್ತಿರಲಿಲ್ಲ. ಮಗ ಹೇಳಿದಷ್ಟನ್ನೇ ಕೇಳುತ್ತಿದ್ದ.

ದೇಸಾಯರ ಮನೆಯ ಅವಳಿ ಕೂಸುಗಳಿಗೆ ಹೆಸರಿಡುವ ದಿನವೇ ಸೆಟ್ಟು ಕರಕರ ಅನ್ನತೊಡಗಿತು. ಇವತ್ತು ಕೈಕೊಟ್ಟರೆ ಮುಂದೆ ಯಾರೂ ಕರೆಯುವುದಿಲ್ಲ. ರೊಟ್ಟಿ ಬಡಿಯುತ್ತಲೇ ಬಾಳವ್ವ ಒಲೆಯ ಮುಂದಿನಿಂದ ಕೂಗಿದಳು:

"ಯಮನ್ಯಾ, ಮುಚ್ಚಳ ತಗಿ. ಪೆನ್ಸಿಲ್ಲಿಂದ ಮೆಲ್ಲಗ ತಟ್ಟು. ಕರಕರ ಅಂದದ್ದು ಕೆಟ್ಟದ್ದು, ಹೊರಗಿಡು!"

ಮುಚ್ಚಳ ತೆಗೆದ. ವಾಲ್ವ್ ಎಂಬ ಗಾಜಿನ ಬುರುಡೆಯೊಳಗೆ ಕೆಂಡದ ಎಳೆ! ಎಣ್ಣೆ ಇಲ್ಲ, ಬತ್ತಿ ಇಲ್ಲ, ಉರಿಯುತ್ತಿದೆ! ಯಮನಪ್ಪ ಕೈಮುಗಿದು ನಿಂತುಬಿಟ್ಟ. ಇಂಥ ದೇವರಿಗೆ ಪೆನ್ಸಿಲ್ಲಿನಿಂದ ತಟ್ಟುವುದೇ? ಮನೆಯಲ್ಲಿ ಉಳಿದದ್ದನ್ನೆಲ್ಲ ತಟ್ಟಿದ. ಕೊಡ ಠಣ್ ಅಂದಿತು. ಬಾಗಿಲು ಟಕ್ ಅಂದಿತು. ಮಲಗಿದ್ದ ಸೋದರಮಾವ ಕರಕರ ಹಲ್ಲು ಕಡಿದ. ಸಿಕ್ಕಿತು! ಮಂಚದ ಸಮೇತ ಬೀದಿಗೆ ಎಳೆದ.

"ಹುಚ್ಚಪ್ಯಾಲಿ! ವಾಲ್ವಿಗೆ ತಟ್ಟೋ, ಮಾವಗಲ್ಲ! ಮತ್ತ ಬಿಸಿ ಇದ್ದದ್ದು ಮುಟ್ಟಬ್ಯಾಡ, ತಣ್ಣಗಾದ ಮ್ಯಾಲೆ ಮುಟ್ಟು. ನಾ ಮಾವನ್ನ ಒಳಗ ಕರಕೊಂಡ ಬರ್ತೀನಿ, ರೊಟ್ಟಿ ನೋಡ್ಕೋ!"

ನೋಡಿಕೊಂಡ. ರೊಟ್ಟಿ ಉಬ್ಬಿತು, ಕಪ್ಪಾಯಿತು, ಹೊಗೆಯಾಡಿತು. ಬಿಸಿ ಇತ್ತಲ್ಲ, ಮುಟ್ಟಲಿಲ್ಲ.

"ಸುಟ್ಟು ಬೂದಿ ಆತಲ್ಲೋ!"

"ಇನ್ನೂ ತಣ್ಣಗಾಗಿಲ್ಲವ್ವಾ!"

ಬಾಳವ್ವ ಹಣೆ ಚಚ್ಚಿಕೊಂಡು ತಾನೇ ಸೆಟ್ಟಿನ ಮುಂದೆ ಕೂತಳು. ಸೆಟ್ಟು ಬಂದ್ ಮಾಡಿ, ತಣ್ಣಗಾಗಲು ಬಿಟ್ಟಳು.

"ಕಣ್ಣು ಬಿಟ್ಟು ನೋಡು. ಎರಡು ಮೈಕಿಗೆ ಎರಡು ವಾಲ್ವ್, ಎರಡೂ ಒಂದ ಥರದ್ದು. ಮೊದಲನೇ ಮೈಕು ಕರಕರ ಅಂತೈತಿ. ಇದನ್ನ ಅಲ್ಲಿಗೆ ಹಾಕು, ಅದನ್ನ ಇಲ್ಲಿಗೆ ಹಾಕು. ಗದ್ದಲ ವಾಲ್ವಿನ ಜೋಡೀನ ಹೋತಂದ್ರ ಆ ವಾಲ್ವ ಕೆಟ್ಟದ್ದು. ಆಮ್ಯಾಲೆ ಅದನ್ನ ತಗದು ಹೊಸಾದು ಹಾಕೂದು!"

ಅದಲುಬದಲು ಮಾಡಿ ಸೆಟ್ಟು ಹಚ್ಚಿದರು. ಗದ್ದಲ ಹೋಯಿತು, ಎರಡನೇ ಮೈಕಿಗೆ! ಯಮನಪ್ಪನ ಮೈ ಜುಮ್ಮೆಂದಿತು. ಜಾಗ ಬದಲಿಸಿದರೆ ಸಾಕು, ಕೆಟ್ಟದ್ದು ತಾನೇ ತನ್ನ ಗುರುತು ಹೇಳುತ್ತದೆ! ಹೊಸ ವಾಲ್ವ್ ಕೂತಿತು, ದನಿ ತಿಳಿನೀರಾಯಿತು.

ದೇಸಾಯರ ಪಡಸಾಲೆಯಲ್ಲಿ ಎರಡು ತೊಟ್ಟಿಲು, ಜೋಗುಳಕ್ಕೆ ಎರಡು ಮೈಕು. ಸೋದರತ್ತೆ ಬಗ್ಗಿ ಕಿವಿಯಲ್ಲಿ ಹೆಸರು ಹೇಳಬೇಕು, ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು, ಅದು ರೂಢಿ. ಮುಷ್ಟಿಗಳು ಎದ್ದವು. ಅಷ್ಟರಲ್ಲಿ ಬಲಗಡೆಯ ಕೂಸು ಕಿಟಾರನೆ ಕಿರುಚಿತು.

ಯಮನಪ್ಪ ಒಂದೇ ನೆಗೆತಕ್ಕೆ ಬಂದ. ಈ ಕೂಸನ್ನು ಆ ತೊಟ್ಟಿಲಿಗೆ, ಆ ಕೂಸನ್ನು ಈ ತೊಟ್ಟಿಲಿಗೆ! ಉಸಿರು ಹಿಡಿದು ಆಲಿಸಿದ. ಕಣ್ಣರಳಿತು. ಮೈಕು ಕಸಿದುಕೊಂಡ.

"ಅವ್ವಾ! ಗದ್ದಲ ಕೂಸಿನ ಜೋಡೀನ ಹೋತು! ಇದ ಕೆಟ್ಟೈತಿ! ದೇಸಾಯರ, ಹೊಸಾದು ತಗೊಂಡ ಬರ್ರೀ!"

ಅತ್ತೆಯ ಬೆನ್ನಿಗೆಂದು ಎದ್ದ ಮುಷ್ಟಿಗಳೆಲ್ಲ ಯಮನಪ್ಪನ ಬೆನ್ನಿಗೆ ಬಿದ್ದವು. ಕೈಯಲ್ಲಿದ್ದ ಮೈಕಿನಿಂದ ಒಂದೊಂದು ಗುದ್ದೂ ಊರಿಗೆಲ್ಲ ಕೇಳಿತು, ಒಂದಿಷ್ಟೂ ಕರಕರ ಇಲ್ಲದೆ.